ತೋಟದ ಜೀಪಿನಿಂದ ಹೊಸ ಕಾರಿನವರೆಗೆ: ಕೊಡಗಿನ ಏರಿಗೆ ಇಗ್ನಿಷನ್ ಟೈಮಿಂಗ್ ಕೂರಿಸುವುದು ಹೇಗೆ

ಒಣಗಿದ ಚೆರಿ ಕಾಫಿಯನ್ನು ತಗಡಿನ ಡಬ್ಬದಲ್ಲಿ ಹಾಕಿ ಅಲ್ಲಾಡಿಸಿ ನೋಡಿ. ಗಲಗಲ ಅಂತ ಒಂದು ಒಣ ಸದ್ದು ಬರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್‌ನಿಂದ ಅದೇ ಥರದ ಸದ್ದು ಬಂದರೆ ಅದು ನಾಕಿಂಗ್. ಕಿಡಿ ಹಾರಬೇಕಾದ ಹೊತ್ತಿಗಿಂತ ಮೊದಲೇ ಹಾರುತ್ತಿದೆ ಎಂಬ ಅನುಮಾನ ಆಗಲೇ ಬರಬೇಕು. ಪೆಟ್ರೋಲ್ ಹೊತ್ತಿಸುವ ಕಿಡಿ ಯಾವಾಗ ಹಾರಬೇಕು ಎಂಬ ಲೆಕ್ಕವೇ ಇಗ್ನಿಷನ್ ಟೈಮಿಂಗ್.

ಆ ಸದ್ದು ನನಗೆ ಪರಿಚಯವಾದದ್ದು ನಮ್ಮ ತೋಟದ ಹಳೆಯ ಪೆಟ್ರೋಲ್ ವಿಲ್ಲಿಸ್ ಜೀಪಿನಲ್ಲಿ. ಪಿಕಪ್ ಕಮ್ಮಿಯಾಗಿದೆ ಎಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಅಲ್ಲಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ತಿರುಗಿಸಿ, ಸದ್ದು ಎಲ್ಲಿ ಚುರುಕಾಯಿತೋ ಅಲ್ಲಿಗೆ ಬಿಗಿದು ಕೊಟ್ಟರು. ಶೆಡ್‌ನಲ್ಲಿ ಚೆನ್ನಾಗಿಯೇ ಇತ್ತು. ಮಾರನೆಯ ದಿನ ಎಂಟು ಚೀಲ ಕಾಫಿ ಹೇರಿ ಕೆಳಗಿನ ಬಾಣೆಯಿಂದ ಕಣಕ್ಕೆ ಹತ್ತಿಸುವಾಗ ಗಲಗಲ ಶುರುವಾಯಿತು. ಆ ವಾರವೇ ಒಂದು ಬೆಳಿಗ್ಗೆ ಬ್ಯಾಟರಿ ಇಳಿದು ಹ್ಯಾಂಡಲ್ ಹಾಕಿದಾಗ, ಹ್ಯಾಂಡಲ್ ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಊದಿಕೊಂಡಿತು. ಎರಡು ವಾರ ಕಳೆಯುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಯಿತು. ಮೂರಕ್ಕೂ ಕಾರಣ ಒಂದೇ, ಅತಿಯಾಗಿ ಅಡ್ವಾನ್ಸ್ ಮಾಡಿದ್ದು, ಅಂದರೆ ಕಿಡಿಯನ್ನು ತೀರಾ ಮುಂಚೆ ಹಾರಿಸಿದ್ದು.

ಹಾಗಾಗಿ ನಮ್ಮ ಕಡೆ ಗಾಡಿ ಓಡಿಸುವವರಿಗೆ ನಾನು ಮೊದಲು ಹೇಳುವುದು ಇದು: ಟೈಮಿಂಗನ್ನು ಶೆಡ್‌ನಲ್ಲಿ ಅಳತೆ ನೋಡಿ ಕೂರಿಸಿ, ಆದರೆ ನೀವು ಲೋಡ್ ಹಾಕಿ ಹತ್ತುವ ಏರಿನಲ್ಲಿ ಪರೀಕ್ಷೆ ಮಾಡುವವರೆಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಈ ಬರಹ ಪೆಟ್ರೋಲ್ ಗಾಡಿಗಳಿಗೆ ಮಾತ್ರ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ, ಅದರ ಇಂಜೆಕ್ಷನ್ ಟೈಮಿಂಗ್ ಬೇರೆಯೇ ಕೆಲಸ.

ಕಿಡಿ ಯಾಕೆ ಮುಂಚೆ ಹಾರಬೇಕು

ಪಿಸ್ಟನ್ ಮೇಲಿನ ತುದಿ ಮುಟ್ಟುವ ಜಾಗಕ್ಕೆ ಟಿಡಿಸಿ ಅನ್ನುತ್ತಾರೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸಿಡಿಯುವುದಿಲ್ಲ, ಉರಿಯುತ್ತದೆ. ಉರಿಯಲು ಸ್ವಲ್ಪ ಸಮಯ ಬೇಕು. ಲೆಕ್ಕಕ್ಕೆ 2 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಎಂಜಿನ್ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಇದ್ದಾಗ ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಸುಮಾರು 10 ಡಿಗ್ರಿ ತಿರುಗಿರುತ್ತದೆ. 3000 ಆರ್‌ಪಿಎಂನಲ್ಲಿ ಅದೇ ಹೊತ್ತಿಗೆ 36 ಡಿಗ್ರಿ ತಿರುಗಿರುತ್ತದೆ. ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿಯುವಾಗ ಒತ್ತಡ ಅತಿ ಜಾಸ್ತಿ ಇದ್ದರೆ ಒಳ್ಳೆಯ ಎಳೆತ ಸಿಗುತ್ತದೆ. ಅದಕ್ಕೇ ಸ್ಪೀಡ್ ಏರಿದಂತೆ ಕಿಡಿ ಇನ್ನಷ್ಟು ಮುಂಚೆ ಹಾರಬೇಕು.

ಹಳೆಯ ಗಾಡಿಗಳಲ್ಲಿ ಈ ಕೆಲಸ ಮಾಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ತೂಕಗಳು. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಚಾಚಿ, ಕಿಡಿಯ ಹೊತ್ತು ನಿಗದಿ ಮಾಡುವ ಕ್ಯಾಮ್ ಅನ್ನು ಮುಂದಕ್ಕೆ ತಳ್ಳುತ್ತವೆ. ಕೆಲವು ಗಾಡಿಗಳಲ್ಲಿ ಪಕ್ಕಕ್ಕೆ ವ್ಯಾಕ್ಯೂಮ್ ಡಬ್ಬಿಯೂ ಇರುತ್ತದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ ಅದು ಇನ್ನೊಂದಿಷ್ಟು ಅಡ್ವಾನ್ಸ್ ಕೊಡುತ್ತದೆ, ಪೂರ್ತಿ ಒತ್ತಿದಾಗ ಬಿಟ್ಟುಕೊಡುತ್ತದೆ. ನಾವು ಕೈಯಿಂದ ಕೂರಿಸುವುದು ಬುಡದ ಟೈಮಿಂಗ್ ಮಾತ್ರ. ಬುಡ ತಪ್ಪಿದರೆ ಮೇಲಿನದೆಲ್ಲ ತಪ್ಪುತ್ತದೆ.

ಕಿಡಿ ಮುಂಚೆ ಆದರೆ ನಾಕಿಂಗ್, ಹ್ಯಾಂಡಲ್ ಒದೆತ. ತಡವಾದರೆ ಎಳೆತ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಎಲ್ಲರೂ ರೇಡಿಯೇಟರ್ ನೋಡುತ್ತಾರೆ. ರೇಡಿಯೇಟರ್ ಸರಿಯಿದ್ದರೆ ಟೈಮಿಂಗ್ ಕೂಡ ನೋಡಿ.

ಮುಟ್ಟುವ ಮೊದಲು

ಮಿಸ್ಸಿಂಗ್ ಆದ ತಕ್ಷಣ ಡಿಸ್ಟ್ರಿಬ್ಯೂಟರ್ ತಿರುಗಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಿಸ್ಸಿಂಗ್‌ಗೆ ಮೊದಲ ಕಾರಣ ತೇವ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿ. ಬೆರಳು ಒದ್ದೆಯಾಗುತ್ತದೆ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಆಮೇಲೆ ಕ್ಯಾಪ್ ಅನ್ನು ಬೆಳಕಿಗೆ ಹಿಡಿದು ಒಳಗೋಡೆ ನೋಡಿ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದ್ದರೆ ಕರೆಂಟ್ ಆ ದಾರಿಯಲ್ಲಿ ಸೋರುತ್ತಿದೆ. ಒರೆಸಿ ಪ್ರಯೋಜನ ಇಲ್ಲ, ಹೊಸ ಕ್ಯಾಪ್ ಹಾಕಿ. ತುಂಬಾ ದಿನ ಶೆಡ್‌ನಲ್ಲೇ ನಿಂತಿದ್ದ ಗಾಡಿಯಾದರೆ ಪ್ಲಗ್ ವೈರ್‌ಗಳನ್ನು ಇಲಿ ಕಡಿದಿದೆಯಾ ನೋಡಿ. ಪ್ಲಗ್ ಬಿಚ್ಚಿ ಸ್ವಚ್ಛ ಮಾಡಿ, ಏರ್ ಫಿಲ್ಟರ್ ನೋಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಸ್ಪ್ಯಾನರ್ ಸೆಟ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಹಾಳೆಗಳು), ಎರಡು ವೈರ್ ಬೆಸೆದ 12 ವೋಲ್ಟ್ ಬಲ್ಬ್, ಸೀಮೆಸುಣ್ಣ ಅಥವಾ ಬಿಳಿ ಪೇಂಟ್. ಕೈಲಾದರೆ ಒಂದು ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ). ಗಾಡಿಯ ಮ್ಯಾನುಯಲ್ ಅಥವಾ ಬಾನೆಟ್ ಒಳಗಿನ ಸ್ಟಿಕರ್‌ನಿಂದ ನಿಮ್ಮ ಎಂಜಿನ್‌ನ ಅಳತೆ ಬರೆದಿಟ್ಟುಕೊಳ್ಳಿ. ಸಿಜೆ 3ಬಿ ಜೀಪಿನ ಎಫ್-ಹೆಡ್ ಹರಿಕೇನ್ ಎಂಜಿನ್‌ಗೆ ಅದು ಟಿಡಿಸಿಗಿಂತ 5 ಡಿಗ್ರಿ ಮೊದಲು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-4-2. ಬೇರೆ ಗಾಡಿಗೆ ಬೇರೆ ಅಳತೆ. ಪಕ್ಕದ ಮನೆಯ ಗಾಡಿಯ ನಂಬರ್ ನಿಮ್ಮದಕ್ಕೆ ಹಾಕಬೇಡಿ.

ಹುಷಾರಾಗಿರಬೇಕಾದ ವಿಷಯಗಳು: ಸಮತಟ್ಟು ಜಾಗ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಮಳೆ ಅಂತ ಶೆಡ್ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಶಾಲು, ಸಡಿಲ ತೋಳು ಫ್ಯಾನ್ ಹತ್ತಿರ ಬೇಡ. ಎಂಜಿನ್ ಓಡುವಾಗ, ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್‌ನ ದಪ್ಪ ವೈರ್ ಮುಟ್ಟಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಮೊದಲು ಪಾಯಿಂಟ್ ಗ್ಯಾಪ್

ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸ್ವಿಚ್, ಅದು ತೆರೆದಾಗ ಕಿಡಿ ಹಾರುತ್ತದೆ. ಅದು ಇರುವ ಗಾಡಿಯಲ್ಲಿ ಈ ಕ್ರಮ ತಪ್ಪಿಸಬೇಡಿ: ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಯಾಕೆಂದರೆ ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಅಡ್ವಾನ್ಸ್ ಆಗುತ್ತದೆ. ಗ್ಯಾಪ್ ಕಮ್ಮಿಯಾದರೆ ರಿಟಾರ್ಡ್ ಆಗುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಕ್ಯಾಪ್ ಮತ್ತು ಅದರ ಕೆಳಗೆ ತಿರುಗುವ ರೋಟರ್ ತೆಗೆಯಿರಿ. ಪಾಯಿಂಟ್‌ನ ಹಿಮ್ಮಡಿ ಕ್ಯಾಮ್‌ನ ಮೂಲೆಯ ತುತ್ತತುದಿಗೆ ಬರುವವರೆಗೆ ಎಂಜಿನ್ ಕೈಯಿಂದ ತಿರುಗಿಸಿ. ಪಾಯಿಂಟ್ ಪೂರ್ತಿ ತೆರೆದಿರುವುದು ಆಗಲೇ. ಪಾಯಿಂಟ್‌ನ ಎರಡು ಮುಖಗಳಲ್ಲಿ ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಉಬ್ಬು ಎದ್ದಿದ್ದರೆ ಫೀಲರ್ ಗೇಜ್ ಸುಳ್ಳು ಅಳತೆ ತೋರಿಸುತ್ತದೆ. ಅಂಥ ಪಾಯಿಂಟ್ ಉಜ್ಜುತ್ತಾ ಕೂರುವ ಬದಲು ಹೊಸದು ಹಾಕಿ, ಜೊತೆಗೆ ಕಂಡೆನ್ಸರ್ ಕೂಡ ಬದಲಿಸಿ. ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.5 ಮಿ.ಮೀ. ಒಳಗೆ ಇರುತ್ತದೆ. ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ ಹೇಳಿದ್ದನ್ನೇ ಇಡಿ. ಗೇಜ್‌ನ ಹಾಳೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಸಣ್ಣ ಹಿಡಿತದಿಂದ ಜಾರಬೇಕು. ಪಾಯಿಂಟ್ ಅನ್ನು ತಳ್ಳಿಕೊಂಡು ಹೋಗಬಾರದು. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಸ್ವಲ್ಪ ಸರಿದೇ ಸರಿಯುತ್ತದೆ. ಕ್ಯಾಮ್‌ಗೆ ಒಂದು ಕಾಳಿನಷ್ಟು ಗ್ರೀಸ್ ಸವರಿ.

ಬಲ್ಬ್ ಹಿಡಿದು ಕೂರಿಸುವುದು

ಟೈಮಿಂಗ್ ಲೈಟ್ ಇಲ್ಲದಿದ್ದರೂ ತೋಟದ ಮೂಲೆಯಲ್ಲಿ ನಿಂತು ಈ ಕೆಲಸ ಸರಿಯಾಗಿ ಮಾಡಬಹುದು. ಎಂಜಿನ್ ಓಡಬೇಕಾಗಿಲ್ಲ.

1. ಒಂದನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿ. ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಎಂಜಿನ್ ನಿಧಾನ ತಿರುಗಿಸಿ. ಬೆರಳನ್ನು ಗಾಳಿ ಹೊರಕ್ಕೆ ತಳ್ಳಿದರೆ ಅದು ಕಂಪ್ರೆಷನ್ ಸ್ಟ್ರೋಕ್. ಇದನ್ನು ನೋಡದೆ ಬರೀ ಪುಲ್ಲಿ ಗುರುತು ನಂಬಿದರೆ ಎಗ್ಸಾಸ್ಟ್ ಸ್ಟ್ರೋಕ್‌ನ ಟಿಡಿಸಿಗೆ ಕೂರಿಸಿಬಿಡುವ ಅಪಾಯ ಇದೆ.

2. ಗಾಳಿ ತಳ್ಳಲು ಶುರುವಾದ ಮೇಲೆ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಇನ್ನೂ ತಿರುಗಿಸಿ ಗುರುತನ್ನು ಹೇಳಿದ ಡಿಗ್ರಿಗೆ ತನ್ನಿ. ಗುರುತು ಕೆಲವು ಎಂಜಿನ್‌ನಲ್ಲಿ ಮುಂದಿನ ಪುಲ್ಲಿ ಮೇಲೆ, ಕೆಲವದರಲ್ಲಿ ಫ್ಲೈವೀಲ್ ಮೇಲೆ ಇರುತ್ತದೆ. ದಾಟಿಹೋದರೆ ಸುಮ್ನೆ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ. ಗೇರ್ ಮತ್ತು ಚೈನ್‌ನ ಸಡಿಲು ಆಗ ಒಂದೇ ಬದಿಗೆ ಇರುತ್ತದೆ.

3. ರೋಟರ್ ಇಟ್ಟು ನೋಡಿ. ಅದರ ಮೂಗು ಒಂದನೇ ಪ್ಲಗ್ ವೈರ್ ಬರುವ ಜಾಗಕ್ಕೆ ತಿರುಗಿರಬೇಕು.

4. ಬಲ್ಬಿನ ಒಂದು ವೈರನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರಿನ ಟರ್ಮಿನಲ್‌ಗೆ ಹಾಕಿ, ಇನ್ನೊಂದನ್ನು ಗಾಡಿಯ ಲೋಹದ ಮೈಗೆ ಅರ್ತ್ ಮಾಡಿ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಉರಿಯುವುದಿಲ್ಲ, ತೆರೆದರೆ ಉರಿಯುತ್ತದೆ.

5. ಡಿಸ್ಟ್ರಿಬ್ಯೂಟರ್‌ನ ಕ್ಲ್ಯಾಂಪ್ ಸಡಿಲಿಸಿ. ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಬಲ್ಬ್ ಆರಲಿ. ಈಗ ವಿರುದ್ಧ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಾ ಬನ್ನಿ. ಬಲ್ಬ್ ಹೊತ್ತಿಕೊಂಡ ಕ್ಷಣವೇ ಕಿಡಿ ಹಾರುವ ಕ್ಷಣ. ಅಲ್ಲೇ ಬಿಗಿಯಿರಿ.

6. ಇಗ್ನಿಷನ್ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ತುಂಬಾ ಹೊತ್ತು ಆನ್ ಬಿಟ್ಟರೆ ಕಾಯಿಲ್ ಕಾದು ಸುಡುತ್ತದೆ.

ಒಂದು ಸೂತ್ರ ನೆನಪಿಟ್ಟುಕೊಳ್ಳಿ: ರೋಟರ್ ತಿರುಗುವ ದಿಕ್ಕಿಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ರಿಟಾರ್ಡ್, ಎದುರಿಗೆ ತಿರುಗಿಸಿದರೆ ಅಡ್ವಾನ್ಸ್. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ, ಅದನ್ನು 1 ಡಿಗ್ರಿ ಸರಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಅದಕ್ಕೇ ಕೈ ಹಗುರ ಇರಬೇಕು.

ಪುಲ್ಲಿಯಲ್ಲಿ ಟಿಡಿಸಿ ಗುರುತು ಒಂದೇ ಇದ್ದು ಡಿಗ್ರಿ ಗೆರೆಗಳು ಅಳಿಸಿಹೋಗಿದ್ದರೆ ನಾವೇ ಹಾಕಿಕೊಳ್ಳಬಹುದು. ಪುಲ್ಲಿಯ ಸುತ್ತಳತೆಯನ್ನು 360ರಿಂದ ಭಾಗಿಸಿ. ಅಡ್ಡಳತೆ 140 ಮಿ.ಮೀ. ಇದ್ದರೆ ಸುತ್ತಳತೆ 440 ಮಿ.ಮೀ., ಒಂದು ಡಿಗ್ರಿಗೆ 1.2 ಮಿ.ಮೀ. ಬರುತ್ತದೆ. 5 ಡಿಗ್ರಿ ಬೇಕಾದರೆ 6 ಮಿ.ಮೀ. ದೂರದಲ್ಲಿ ಬಿಳಿ ಗೆರೆ. ಟಿಡಿಸಿ ಗುರುತಿನ ಯಾವ ಬದಿಗೆ ಎಂದು ಗೊಂದಲ ಆದರೆ, ಪುಲ್ಲಿ ತಿರುಗುವಾಗ, ಎಂಜಿನ್ ಮೇಲೆ ಕದಲದೆ ನಿಂತಿರುವ ಸೂಜಿಯ ಎದುರಿಗೆ ಮೊದಲು ಬರುವ ಬದಿಗೆ.

ಟೈಮಿಂಗ್ ಲೈಟ್ ಇದ್ದರೆ

ಎಂಜಿನ್ ಪೂರ್ತಿ ಬಿಸಿಯಾಗಲಿ. ಲೈಟಿನ ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಮೂರನೆಯ ಕ್ಲ್ಯಾಂಪ್ ಒಂದನೇ ಪ್ಲಗ್ ವೈರ್‌ಗೆ. ಕ್ಲ್ಯಾಂಪ್ ಮೇಲೆ ಬಾಣದ ಗುರುತಿದ್ದರೆ ಅದು ಪ್ಲಗ್ ಕಡೆ ನೋಡಲಿ. ವ್ಯಾಕ್ಯೂಮ್ ಪೈಪ್ ತೆಗೆದು ಬಾಯಿ ಮುಚ್ಚಲು ಮ್ಯಾನುಯಲ್ ಹೇಳಿದ್ದರೆ ಹಾಗೆ ಮಾಡಿ. ಐಡಲ್ ಹೇಳಿದ ಮಟ್ಟದಲ್ಲಿರಲಿ. ಐಡಲ್ ಜಾಸ್ತಿ ಇದ್ದರೆ ಒಳಗಿನ ತೂಕಗಳು ಆಗಲೇ ಚಾಚಲು ಶುರು ಮಾಡಿರುತ್ತವೆ, ನಿಮ್ಮ ಅಳತೆ ತಪ್ಪುತ್ತದೆ.

ಲೈಟ್ ಒತ್ತಿ ಗುರುತಿನ ಮೇಲೆ ಬಿಟ್ಟಾಗ ಪುಲ್ಲಿ ನಿಂತ ಹಾಗೆ ಕಾಣುತ್ತದೆ. ಫ್ಯಾನ್ ಕೂಡ ನಿಂತ ಹಾಗೇ ಕಾಣಬಹುದು. ಅದು ನಿಂತಿಲ್ಲ! ಸೀಮೆಸುಣ್ಣ ಹಚ್ಚಲು ಕೈ ಚಾಚಿ ಬೆರಳು ಕಳೆದುಕೊಳ್ಳುವ ಅಪಾಯ ಇರುವುದು ಇಲ್ಲೇ. ಗೆರೆ ಹಚ್ಚುವ ಕೆಲಸ ಎಂಜಿನ್ ಆಫ್ ಇದ್ದಾಗಲೇ ಮುಗಿಯಲಿ.

ಕ್ಲ್ಯಾಂಪ್ ಸ್ವಲ್ಪ ಸಡಿಲಿಸಿ ಡಿಸ್ಟ್ರಿಬ್ಯೂಟರ್ ತಿರುಗಿಸುತ್ತಾ ಗೆರೆಯನ್ನು ಸೂಜಿಗೆ ಸೇರಿಸಿ. ಬಿಗಿಯಿರಿ, ಮತ್ತೆ ಲೈಟ್ ಬಿಟ್ಟು ನೋಡಿ. ಆಮೇಲೆ ಎಂಜಿನ್ ಅನ್ನು ನಿಧಾನವಾಗಿ 2500 ಆರ್‌ಪಿಎಂ ಆಸುಪಾಸಿಗೆ ಏರಿಸಿ. ಗೆರೆ ಅಡ್ವಾನ್ಸ್ ಕಡೆಗೆ ನಯವಾಗಿ ಸರಿಯಬೇಕು, ಇಳಿಸಿದಾಗ ವಾಪಸ್ ಬರಬೇಕು. ಅಲ್ಲಾಡದಿದ್ದರೆ ಒಳಗಿನ ತೂಕ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ನಮ್ಮ ತೇವಕ್ಕೆ ಇದು ಆಗುವುದು ಸಹಜ. ಬಿಚ್ಚಿ, ತೊಳೆದು, ಒಂದೆರಡು ಹನಿ ಎಣ್ಣೆ ಬಿಡಿ. ಗೆರೆ ಒಂದೇ ಕಡೆ ನಿಲ್ಲದೆ ಎಡಬಲ ಕುಣಿಯುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿರಬಹುದು. ಅದನ್ನು ಸರಿಮಾಡದೆ ಟೈಮಿಂಗ್ ನಿಲ್ಲುವುದಿಲ್ಲ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿದರೆ

ಮಳೆನಾಡಿನಲ್ಲಿ ಹಳೆಯ ಗಾಡಿ ದಿನಾ ಓಡಿಸುವವರಿಗೆ ಇದು ಒಳ್ಳೆಯ ಬದಲಾವಣೆ ಅಂತ ನನ್ನ ಅನಿಸಿಕೆ. ಪಾಯಿಂಟ್ ಜಾಗದಲ್ಲಿ ಮ್ಯಾಗ್ನೆಟ್ ಮತ್ತು ಸೆನ್ಸರ್ ಕೂರುತ್ತದೆ. ಸವೆಯುವುದು ಏನೂ ಇಲ್ಲ, ಹಾಗಾಗಿ ಕೂರಿಸಿದ ಟೈಮಿಂಗ್ ತುಂಬಾ ದಿನ ನಿಲ್ಲುತ್ತದೆ. ಪ್ಲಸ್, ಮೈನಸ್ ಅದಲುಬದಲು ಮಾಡಿದರೆ ಮಾಡ್ಯೂಲ್ ಸುಡುತ್ತದೆ. ಕಾಯಿಲ್‌ನ ರೆಸಿಸ್ಟೆನ್ಸ್ ಮಾಡ್ಯೂಲ್‌ಗೆ ಹೊಂದುತ್ತದಾ ಅಂತ ಮೀಟರ್ ಹಿಡಿದು ನೋಡಿ. ಹಾಕಿದ ಮೇಲೆ ಟೈಮಿಂಗ್ ಮೊದಲಿನ ಜಾಗದಲ್ಲಿ ಇರುವುದಿಲ್ಲ. ಬಲ್ಬ್ ವಿಧಾನ ಇಲ್ಲಿ ಬೇಡ, ಟೈಮಿಂಗ್ ಲೈಟ್‌ನಲ್ಲೇ ಕೂರಿಸಿ.

ಇಸಿಯು ಇರುವ ಕಾರುಗಳು

ಇಸಿಯು ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ಮೊದಮೊದಲ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಗಳಲ್ಲಿ ಕೆಲವದರಲ್ಲಿ ಇಸಿಯು ಜೊತೆಗೆ ಡಿಸ್ಟ್ರಿಬ್ಯೂಟರ್ ಕೂಡ ಇದೆ. ಅಂಥ ಕಡೆ ನೇರವಾಗಿ ಲೈಟ್ ಬಿಟ್ಟು ತಿರುಗಿಸಿದರೆ ಗೊಂದಲವಾಗುತ್ತದೆ, ಯಾಕೆಂದರೆ ಇಸಿಯು ಕ್ಷಣಕ್ಷಣಕ್ಕೂ ಟೈಮಿಂಗ್ ಬದಲಿಸುತ್ತಿರುತ್ತದೆ. ಡಯಾಗ್ನಾಸ್ಟಿಕ್ ಕನೆಕ್ಟರ್‌ನಲ್ಲಿ ಮ್ಯಾನುಯಲ್ ತೋರಿಸಿದ ಎರಡು ಟರ್ಮಿನಲ್‌ಗಳನ್ನು ವೈರ್‌ನಿಂದ ಜೋಡಿಸಿದರೆ ಇಸಿಯು ಬುಡದ ಟೈಮಿಂಗ್‌ಗೆ ಬಂದು ನಿಲ್ಲುತ್ತದೆ. ಆಗ ಕೂರಿಸಿ, ಬಿಗಿದು, ವೈರ್ ತೆಗೆಯಿರಿ. ಅಂದಾಜಿನಲ್ಲಿ ಟರ್ಮಿನಲ್ ಜೋಡಿಸಬೇಡಿ.

ಈಗಿನ ಕಾರುಗಳಲ್ಲಿ ತಿರುಗಿಸಲು ಡಿಸ್ಟ್ರಿಬ್ಯೂಟರೇ ಇಲ್ಲ. ಕ್ರ್ಯಾಂಕ್ ಸೆನ್ಸರ್ ಹಲ್ಲಿನ ಚಕ್ರವನ್ನು ಓದುತ್ತದೆ, ಇಸಿಯು ಲೆಕ್ಕ ಹಾಕಿ ಕಿಡಿ ಕೊಡುತ್ತದೆ. ನಾವು ಮಾಡಬಹುದಾದದ್ದು ಓದುವುದು ಮತ್ತು ತಪ್ಪು ಹುಡುಕುವುದು. 2013ರ ನಂತರದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಗಾಡಿಯ ದೋಷ ಓದುವ ಕಿಂಡಿ) ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಟೈಮಿಂಗ್ ಅಡ್ವಾನ್ಸ್ ಎಷ್ಟು ಡಿಗ್ರಿ ಅಂತ ಮೊಬೈಲ್‌ನಲ್ಲಿ ಕಾಣುತ್ತದೆ. ಐಡಲ್‌ನಲ್ಲಿ ಆ ಸಂಖ್ಯೆ ಕುಣಿಯುತ್ತಿದ್ದರೆ ಗಾಬರಿ ಬೇಡ, ಐಡಲ್ ಸ್ಥಿರ ಇಡಲು ಇಸಿಯು ಹಾಗೆ ಮಾಡುತ್ತದೆ.

ಏರಿನಲ್ಲಿ ಆ ಸಂಖ್ಯೆ ದಿಢೀರನೆ ಕೆಳಗೆ ಬೀಳುತ್ತಿದ್ದು, ಎಳೆತವೂ ಸಾಲದಿದ್ದರೆ, ನಾಕ್ ಸೆನ್ಸರ್ ನಾಕಿಂಗ್ ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ಎಳೆಯುತ್ತಿರಬಹುದು. ಪಿ 0325 ಕೋಡ್ ಬಂದರೆ ನಾಕ್ ಸೆನ್ಸರ್ ಕಡೆ ನೋಡಿ. ಅದರ ಬೋಲ್ಟ್ ಅತಿ ಬಿಗಿಯಾದರೂ ಸಡಿಲವಾದರೂ ಸೆನ್ಸರ್ ಸರಿಯಾಗಿ ಕೇಳುವುದಿಲ್ಲ, ಟಾರ್ಕ್ ರೆಂಚ್ ಬಳಸಿ. ಪಿ 0335 ಅಂದರೆ ಕ್ರ್ಯಾಂಕ್ ಸೆನ್ಸರ್, ಮೊದಲು ಕನೆಕ್ಟರ್‌ನಲ್ಲಿ ನೀರಿದೆಯಾ ನೋಡಿ. ಪಿ 0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದುತ್ತಿಲ್ಲ. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹಲ್ಲು ಹಾರಿರಬಹುದು, ಗಾಡಿ ಓಡಿಸಬೇಡಿ.

ಇಸಿಯು ರೀಮ್ಯಾಪ್, ಅಂದರೆ ಅದರೊಳಗಿನ ಲೆಕ್ಕ ಬದಲಿಸುವುದರ ಬಗ್ಗೆ ತುಂಬಾ ಹುಡುಗರು ಕೇಳುತ್ತಾರೆ. ಇಸಿಯು ಒಳಗೆ ಲೋಡ್ ಮತ್ತು ಆರ್‌ಪಿಎಂನ ಕೋಷ್ಟಕ ಇದೆ, ಪ್ರತಿ ಮನೆಯಲ್ಲೂ ಡಿಗ್ರಿ ಬರೆದಿದೆ. ಒಂದೊಂದೇ ಡಿಗ್ರಿ ಏರಿಸುತ್ತಾ, ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಟಾರ್ಕ್ ನೋಡುತ್ತಾ, ನಾಕಿಂಗ್ ಕೇಳುತ್ತಾ ಮಾಡುವ ಕೆಲಸ ಅದು. ಒಂದು ಹಂತ ದಾಟಿದ ಮೇಲೆ ಅಡ್ವಾನ್ಸ್ ಏರಿಸಿದರೂ ಶಕ್ತಿ ಬರುವುದಿಲ್ಲ, ಎಂಜಿನ್‌ಗೆ ಪೆಟ್ಟು ಮಾತ್ರ ಬೀಳುತ್ತದೆ. ಬೇರೆ ಯಾರದೋ ಫೈಲ್ ಇಳಿಸಿ ಹಾಕಬೇಡಿ. ವಾರಂಟಿಯೂ ಹೋಗುತ್ತದೆ.

ಕೊನೆಗೆ, ಏರು

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡ 12ರಷ್ಟು ಕಮ್ಮಿ. ಸಿಲಿಂಡರ್ ಒಳಗೆ ತೆಳು ಗಾಳಿ ತುಂಬುವುದರಿಂದ ನಾಕಿಂಗ್ ಕಮ್ಮಿ, ಎಂಜಿನ್ ಒಂದೆರಡು ಡಿಗ್ರಿ ಜಾಸ್ತಿ ಅಡ್ವಾನ್ಸ್ ತಡೆದುಕೊಳ್ಳುತ್ತದೆ. ಆದರೆ ಅದೇ ಗಾಡಿ ಘಾಟಿ ಇಳಿದು ಸುಳ್ಯ ದಾಟಿದರೆ ಗಾಳಿ ದಪ್ಪ, ಸೆಕೆಯೂ ಜಾಸ್ತಿ. ಮೇಲೆ ಸುಮ್ಮನಿದ್ದ ಎಂಜಿನ್ ಅಲ್ಲಿ ಗಲಗಲ ಅನ್ನಲು ಶುರು ಮಾಡಬಹುದು. ವಾಪಸ್ ಬರುವಾಗ ಏರು ಶುರುವಾಗುವುದೂ ಆ ದಪ್ಪ ಗಾಳಿಯಲ್ಲೇ ಅಲ್ವಾ? ಹಾಗಾಗಿ ಕರಾವಳಿಗೆ ಓಡಾಡುವ ಗಾಡಿಯಾದರೆ ಕಂಪನಿ ಹೇಳಿದ ಅಳತೆಗಿಂತ ಮುಂದೆ ಹೋಗಬೇಡಿ. ತೋಟ ಮತ್ತು ಮಡಿಕೇರಿ ಪೇಟೆ ಬಿಟ್ಟು ಎಲ್ಲೂ ಹೋಗದ ಹಳೆಯ ಜೀಪಿಗೆ ಮಾತ್ರ 1 ಅಥವಾ 2 ಡಿಗ್ರಿ ಕೊಟ್ಟು ನೋಡಬಹುದು.

ಪರೀಕ್ಷೆ ಮಾಡುವುದು ಹೀಗೆ. ದಿನಾ ಹೇರುವಷ್ಟು ಲೋಡ್ ಹಾಕಿ. ಎಂಜಿನ್ ಬಿಸಿ ಇರಲಿ. ಟ್ರಾಫಿಕ್ ಇಲ್ಲದ, ನಿಮಗೆ ಗೊತ್ತಿರುವ ಏರು ಆರಿಸಿಕೊಳ್ಳಿ. ಸಾಮಾನ್ಯವಾಗಿ ಸೆಕೆಂಡ್ ಹಾಕುವ ಕಡೆ ಥರ್ಡ್‌ನಲ್ಲೇ ಹೋಗಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡ್ ಅಷ್ಟೇ. ಕಿಟಕಿ ತೆರೆದಿರಲಿ. ರಸ್ತೆ ಬದಿಯ ದರೆಗೆ ಸದ್ದು ಬಡಿದು ವಾಪಸ್ ಬರುವ ಜಾಗದಲ್ಲಿ ನಾಕಿಂಗ್ ತುಂಬಾ ಚೆನ್ನಾಗಿ ಕೇಳಿಸುತ್ತದೆ. ಒಂದು ಕ್ಷಣ ಸಣ್ಣಗೆ ಕೇಳಿ, ವೇಗ ಬಂದ ಕೂಡಲೇ ಮಾಯವಾದರೆ ಅಂಚಿನಲ್ಲಿದ್ದೀರಿ, 1 ಡಿಗ್ರಿ ಹಿಂದಕ್ಕೆ ತನ್ನಿ. ಬಿಡದೆ ಗಲಗಲ ಅಂದರೆ ತಕ್ಷಣ ಕಾಲು ತೆಗೆದು, ನಿಲ್ಲಿಸಿ, 2 ಡಿಗ್ರಿ ರಿಟಾರ್ಡ್ ಮಾಡಿ ಮತ್ತೆ ಹತ್ತಿಸಿ. ಟೈಮಿಂಗ್ ಅಳತೆಯಲ್ಲೇ ಇದ್ದೂ ಸದ್ದು ಹೋಗದಿದ್ದರೆ ಸಿಲಿಂಡರ್ ಒಳಗೆ ಕಾರ್ಬನ್ ಕಟ್ಟಿದೆಯಾ, ಕಾರ್ಬ್ಯುರೇಟರ್ ಪೆಟ್ರೋಲ್ ಕಮ್ಮಿ ಕೊಡುತ್ತಿದೆಯಾ ನೋಡಿ. ಈಗ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ಕಾರ್ಬ್ಯುರೇಟರ್‌ನ ಮಿಶ್ರಣ ತೆಳುವಾಗುತ್ತದೆ, ಅದನ್ನೂ ಗಮನದಲ್ಲಿಡಿ.

ಹ್ಯಾಂಡಲ್ ಹಾಕುವ ಜೀಪಾದರೆ ಇನ್ನೊಂದು ಪರೀಕ್ಷೆ ಇದೆ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕಬೇಡಿ, ಉಳಿದ ನಾಲ್ಕು ಬೆರಳುಗಳ ಬದಿಯಲ್ಲೇ ಇಡಿ, ಮೇಲಕ್ಕೆ ಎಳೆಯಿರಿ. ಒದೆಯದೆ ಎಂಜಿನ್ ಹತ್ತಿಕೊಂಡರೆ ಬುಡದ ಟೈಮಿಂಗ್ ಅತಿಯಾಗಿಲ್ಲ.

ಎಲ್ಲ ಸರಿ ಅನಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ಮೈಮೇಲಿಂದ ಎಂಜಿನ್ ಬ್ಲಾಕ್‌ಗೆ ಸೇರುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಯಾರಾದರೂ ಅದನ್ನು ತಿರುಗಿಸಿದ್ದರೆ ಬಾನೆಟ್ ಎತ್ತಿದ ಕೂಡಲೇ ಗೊತ್ತಾಗುತ್ತದೆ.